ಚಿತ್ತಾಪುರ ಸೀಮೆಯ ಓದುಗರಿಗೊಂದು ಗುರಿ

ಅಮೆರಿಕ, ಬ್ರಿಟನ್ನುಗಳ ಓದುಗರಲ್ಲಿ ಕೆಲವರು, ತಾವು ಈವರೆಗೆ ಓದಿದ ಪುಸ್ತಕಗಳನ್ನು ಬರೆದವರು ಯಾರು ಎಂದು ನೋಡಿಕೊಂಡಾಗ ಬಹುಪಾಲು ಬಿಳಿಯರೇ ಕಂಡುಬಂದದ್ದರಿಂದ, ಕಪ್ಪು, ಏಷ್ಯನ್ ಮತ್ತು ಮೂಲನಿವಾಸಿ ಲೇಖಕರನ್ನು ಹುಡುಕಿ ಓದುವ ಗುರಿ ಹಾಕಿಕೊಳ್ಳುತ್ತಾರೆ. ಅದೇ ಪ್ರಶ್ನೆಯನ್ನು ಕನ್ನಡದ ಓದುಗರು ಕೇಳಿಕೊಂಡರೆ ಬಣ್ಣದ ಜಾಗಕ್ಕೆ ಜಾತಿ, ಲಿಂಗ ಮತ್ತು ಸೀಮೆ ಬರುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಓದುಗರಿಗಂತೂ ಈ ಮೂರೂ ಒಟ್ಟಿಗೇ ಎದುರಾಗುತ್ತವೆ.

ಈ ಸೀಮೆಗೆ ಸಾಹಿತ್ಯದ ಹೆಮ್ಮೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಆಸ್ಥಾನದ ಈ ಹೆಸರುಗಳನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದವರಲ್ಲಿ ಎಷ್ಟೋ ಜನರ ಕೈಗೆ, ಪಕ್ಕದ ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯಲ್ಲಿ 1943ರಲ್ಲಿ ಹುಟ್ಟಿದ ಚೆನ್ನಣ್ಣ ವಾಲೀಕಾರರ ಒಂದು ಪುಸ್ತಕವೂ ಬಂದಿರುವುದಿಲ್ಲ ಎಂಬುದು ನಿಜಕ್ಕೂ ದುಃಖದ ಸಂಗತಿ. ಶಹಾಬಾದಿನ ಪರಸಿ ಕಲ್ಲು ದೂರದೂರದ ಮನೆಗಳ ನೆಲಕ್ಕೆ ಹಾಸಾಯಿತು. ಆ ಕಲ್ಲು ಒಡೆದವರ ಸೀಮೆಯ ಬರಹ ಮಾತ್ರ ಆ ಮನೆಗಳ ಕಪಾಟು ಸೇರಲಿಲ್ಲ.

ವಾಲೀಕಾರರು ದಲಿತ–ಬಂಡಾಯ ಧಾರೆಯ ಪ್ರಮುಖ ಲೇಖಕರು. ಅಸ್ಪೃಶ್ಯತೆಯ ನೋವನ್ನು ಉಂಡವರೇ ತಮ್ಮ ಬದುಕನ್ನು ತಮ್ಮ ಮಾತಿನಲ್ಲಿ ಹೇಳಿಕೊಂಡದ್ದು ದಲಿತ ಸಾಹಿತ್ಯ. ಅದರೊಂದಿಗೆ ಎಲ್ಲ ಬಗೆಯ ಶೋಷಣೆಯ ವಿರುದ್ಧ ದನಿ ಎತ್ತಿದ ಬರಹಗಾರರ ಚಳವಳಿ ಬಂಡಾಯ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದದ್ದರಿಂದ ಎದ್ದ ಗಲಭೆಯ ತರುವಾಯ ಈ ದನಿಗಳು ಗಟ್ಟಿಯಾದವು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ‘ಕರಿ ತೆಲಿ ಮಾನವನ ಜೀಪದ’ ಎಂಬ ಕವನ ಸಂಕಲನ, ‘ಟೊಂಕದ ಕೆಳಗಿನ ಜನ’ ಎಂಬ ನಾಟಕ, ‘ವ್ಯೋಮಾವ್ಯೋಮ’ ಎಂಬ ಮಹಾಕಾವ್ಯ ಬರೆದ ವಾಲೀಕಾರರು ತಲೆಯನ್ನು ತೆಲಿ ಎನ್ನುವ ಜನರ ನುಡಿಯನ್ನು ತಿದ್ದದೆ ಪುಸ್ತಕದ ಹೆಸರಿಗೇ ಏರಿಸಿದರು. ಅವರು 2019ರಲ್ಲಿ ತೀರಿಕೊಂಡರು.

ಅವರ ನಂತರ ಓದಬೇಕಾದವರು ಗೀತಾ ನಾಗಭೂಷಣ. ಕಲಬುರಗಿಯ ಗಿರಣಿ ಕಾರ್ಮಿಕರೊಬ್ಬರ ಮಗಳಾದ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು; ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಚಿಂಚೋಳಿಯ ತಾಂಡಾಗಳನ್ನು, ಅಂದರೆ ಲಂಬಾಣಿಗರ ವಸತಿಗಳನ್ನು, ದಿನವೂ ಕಾಣುವವರು ಆ ಸಮುದಾಯದಿಂದಲೇ ಬಂದ ಬಿ.ಟಿ. ಲಲಿತಾ ನಾಯಕರನ್ನು ಓದಬಹುದು. ವಾಡಿ ಜಂಕ್ಷನ್ನಿನಿಂದ ಸೊಲ್ಲಾಪುರದ ಕಡೆ ಹೋಗುವ ರೈಲುದಾರಿಯ ಅಕ್ಕಲಕೋಟೆ ಸೀಮೆಯವರಾದ ದಲಿತ ಲೇಖಕ ಶರಣಕುಮಾರ ಲಿಂಬಾಳೆಯವರ ಮರಾಠಿ ಆತ್ಮಕಥೆ ‘ಅಕ್ಕರಮಾಶಿ’ ಕನ್ನಡಕ್ಕೂ ಬಂದಿದೆ. ಅಮೆರಿಕದ ಬ್ಲ್ಯಾಕ್ ಪ್ಯಾಂಥರರಿಂದ ಸ್ಫೂರ್ತಿ ಪಡೆದು 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಸಂಘಟನೆಯ ಮೂಲಕ ದಲಿತ ಬರಹಗಳಿಗೂ ಕಪ್ಪು ಲೇಖಕರಿಗೂ ನಂಟು ಬೆಳೆದದ್ದರಿಂದ, ಇಲ್ಲಿಂದ ಅಮೆರಿಕದ ಕಪ್ಪು ಕಾದಂಬರಿಕಾರ್ತಿ ಟೋನಿ ಮಾರಿಸನ್ ಅವರ ಕಡೆಗೆ ಹೋಗುವ ಓದುಗರಿಗೆ ದಾರಿ ಅಪರಿಚಿತವೆನಿಸುವುದಿಲ್ಲ.

ಗುರಿಯನ್ನು ಪುಸ್ತಕಗಳ ಸಂಖ್ಯೆಯಲ್ಲಿ ಕಟ್ಟಿಕೊಳ್ಳುವುದು ಅಷ್ಟು ಫಲಕಾರಿಯಲ್ಲ, ಏಕೆಂದರೆ ಸಂಖ್ಯೆಯ ಹಿಂದೆ ಬಿದ್ದವರು ತೆಳ್ಳಗಿನ ಪುಸ್ತಕಗಳನ್ನು ಆರಿಸಿಕೊಂಡು ದೊಡ್ಡ ಕೃತಿಗಳನ್ನು ಮುಂದೂಡುತ್ತಾರೆ. ಅದಕ್ಕಿಂತ ಒಬ್ಬ ಲೇಖಕರ ಎರಡು ಮೂರು ಕೃತಿಗಳನ್ನು ಬಿಡದೆ ಓದುವುದು, ಆಡುಮಾತಿನ ಪುಟಗಳನ್ನು ಗಟ್ಟಿಯಾಗಿ ಓದುವುದು ಹೆಚ್ಚು ಪ್ರಯೋಜನಕಾರಿ. ಕಣ್ಣಿಗೆ ತೊಡಕಾದ ವಾಕ್ಯ ಈ ಸೀಮೆಯವರ ಕಿವಿಗೆ ಮನೆಯ ಮಾತಾಗಿಯೇ ಕೇಳಿಸುತ್ತದೆ.

ಪುಸ್ತಕ ಸಿಗುವುದೇ ದೊಡ್ಡ ಅಡಚಣೆ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. ಅಲ್ಲಿ ವಾಲೀಕಾರರ ಪುಸ್ತಕ ಕಾಣದಿದ್ದರೆ ಅದನ್ನು ತರಿಸಿಕೊಡಿ ಎಂದು ಬರೆದು ಕೊಡುವ ಹಕ್ಕು ಆ ಕರ ಕಟ್ಟಿದ ಪ್ರತಿಯೊಬ್ಬರಿಗೂ ಇದೆ.