ಮತವೆಂಬ ಮಾತು



ಚುನಾವಣೆ ಸಮೀಪಿಸಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಿರಿಯರು ಮಠಕ್ಕೆ ಬರುವುದು ವಾಡಿಕೆ. ಮೊನ್ನೆಯೂ ಬಂದಿದ್ದರು. ‘ಬುದ್ಧೀ, ನಮ್ಮ ಸಮಾಜದ ಓಟು ಯಾರಿಗೆ ಅಂತ ಅಪ್ಪಣೆಯಾಗಬೇಕು’ ಎಂದರು. ಆ ಅಪ್ಪಣೆ ಈ ಪೀಠದಿಂದ ಆಗುವುದಿಲ್ಲ. ಬದಲಿಗೆ ನಾವೇ ಒಂದು ಪ್ರಶ್ನೆ ಕೇಳಿದೆವು: ನಿಮ್ಮೂರ ದಲಿತರ ಕೇರಿಯವರ ಹೆಸರುಗಳೆಲ್ಲ ಪಟ್ಟಿಯಲ್ಲಿ ಇವೆಯೇ? ಒಬ್ಬರೂ ಉತ್ತರ ಕೊಡಲಿಲ್ಲ.

ಮತ ಎಂಬುದು ‘ಮನ್’ ಧಾತುವಿನಿಂದ ಬಂದ ಶಬ್ದ. ಆಲೋಚಿಸಿದ್ದು, ಮನಸ್ಸಿಗೆ ಒಪ್ಪಿದ್ದು ಎಂದರ್ಥ. ಧರ್ಮಕ್ಕೂ ಮತವೆನ್ನುತ್ತೇವೆ, ಓಟಿಗೂ ಮತವೆನ್ನುತ್ತೇವೆ. ಒಬ್ಬನಿಗೆ ಮತವಿಲ್ಲವೆಂದರೆ ಅವನಿಗೆ ಮನಸ್ಸೇ ಇಲ್ಲವೆಂದು ಹೇಳಿದಂತಾಯಿತು.

ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಹುಟ್ಟಿದರೂ ಅಲ್ಲಿ ದನಿಯಿದ್ದುದು ಆಸ್ತಿಯುಳ್ಳವರಿಗೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಸೇರಿದ ಜನ, ಪ್ರಜೆಗಳಿಗೆ ಹೊಣೆಯಾದ ಸರ್ಕಾರ ಬೇಕೆಂದು, ನಿಷೇಧವನ್ನು ಮೀರಿ ಧ್ವಜವೇರಿಸಲು ಮುಂದಾದರು. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯನವರು ಬಂಧಿತರಾದರು. ಆಗಿನ್ನೂ ಮಂಡ್ಯ ಜಿಲ್ಲೆಯೇ ಆಗಿರಲಿಲ್ಲ; ಆದದ್ದು ಮರುವರ್ಷ. ವಯಸ್ಕರೆಲ್ಲರಿಗೂ ಓಟು ಬಂದದ್ದು 1951-52ರ ಚುನಾವಣೆಯಲ್ಲಿ.

ಅದೇ 1938ರಲ್ಲಿ ಜರ್ಮನಿಯ ನಾಜಿಗಳು ಒಬ್ಬ ಯಹೂದಿ ವಿದ್ವಾಂಸರನ್ನು ಪೋಲೆಂಡಿಗೆ ಅಟ್ಟಿದರು. ಅಬ್ರಹಾಂ ಜೋಶುವಾ ಹೆಷೆಲ್ ಎಂದು ಹೆಸರು. ಆ ಧರ್ಮದ ಗುರುಗಳು. ತಾಯಿಯೂ ಸೋದರಿಯರೂ ಆ ಹಿಂಸೆಗೆ ಬಲಿಯಾದರು. ಅಮೆರಿಕೆ ಸೇರಿದ ಮೇಲೆ ಪಾಠ ಹೇಳುತ್ತ, ಪ್ರವಾದಿಗಳನ್ನು ಕುರಿತು ಗ್ರಂಥ ಬರೆಯುತ್ತ ಅವರು ನೆಮ್ಮದಿಯಾಗಿ ಇರಬಹುದಿತ್ತು. (ಗ್ರಂಥದ ಮುಂದೆ ಕುಳಿತರೆ ಏಳಲು ಮನಸ್ಸು ಬಾರದೆಂಬುದು ಪಾಠಶಾಲೆಯಲ್ಲಿ ಬೆಳೆದ ನಮಗೆ ಚೆನ್ನಾಗಿ ಗೊತ್ತು.) ಆದರೆ ಆ ದೇಶದ ದಕ್ಷಿಣ ಸೀಮೆಯಲ್ಲಿ ಕಪ್ಪು ಜನ ಪಟ್ಟಿಗೆ ಹೆಸರು ಬರೆಸಲು ಹೋದರೆ ಓದುಬರಹದ ಪರೀಕ್ಷೆಯೊಡ್ಡಿ, ಬೆದರಿಸಿ ಕಳಿಸುತ್ತಿದ್ದರು. 1964ರಲ್ಲಿ ಮಿಸಿಸಿಪ್ಪಿಯಲ್ಲಿ ಈ ಕೆಲಸಕ್ಕೆ ನಿಂತ ಮೂವರು ತರುಣರನ್ನು ಕೊಂದು ಹೂತುಹಾಕಿದರು. ಜೇಮ್ಸ್ ಚೇನಿ ಕಪ್ಪು ಜನಾಂಗದವನು. ಆಂಡ್ರ್ಯೂ ಗುಡ್‌ಮನ್, ಮೈಕೆಲ್ ಶ್ವೆರ್ನರ್ ಯಹೂದಿಗಳು. 1965ರ ಮಾರ್ಚ್ 21ರಂದು ಸೆಲ್ಮಾ ಎಂಬ ಊರಿನಿಂದ ಹೊರಟ ಮೆರವಣಿಗೆಯ ಮೊದಲ ಸಾಲಿನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರೊಡನೆ ಬಿಳಿಗಡ್ಡದ ಹೆಷೆಲ್ ನಡೆದರು. ಆ ನಡಿಗೆಯೇ ತಮಗೆ ಪ್ರಾರ್ಥನೆಯಾಗಿತ್ತೆಂದು ಆಮೇಲೆ ಹೇಳಿಕೊಂಡರು. ಆಗಸ್ಟ್‌ನಲ್ಲಿ ಮತಾಧಿಕಾರದ ಕಾಯಿದೆಯಾಯಿತು. ಹೆಷೆಲರಿಗೆ ಓಟು ಮೊದಲೇ ಇತ್ತು, ನಡೆದದ್ದು ಇಲ್ಲದವರಿಗಾಗಿ.

ಇದನ್ನು ಓದುವಾಗ ನಮ್ಮದೇ ಒಂದು ತಪ್ಪು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಮಳವಳ್ಳಿ ಕಡೆಯ ಒಬ್ಬ ಮುದುಕಿ, ಕೇರಿಯವಳು, ಮಠದ ಜಗಲಿಯ ಕೆಳಗೆ ನಿಂತು, ‘ಬುದ್ಧೀ, ನಾವು ಕಬ್ಬು ಕಡಿಯಕ್ಕೆ ಹೋಗಿ ಬರೋದ್ರೊಳಗೆ ನಮ್ಮನೆಯವರ ಹೆಸರೆಲ್ಲ ಹೊಡೆದಾಕವ್ರೆ, ಒಂದು ಮಾತು ಹೇಳಿ’ ಎಂದಳು. ಪೂಜೆಗೆ ಹೊತ್ತಾಗಿತ್ತು. ‘ಅದು ಕಚೇರಿಯ ಕೆಲಸ ತಾಯಿ, ಪ್ರಸಾದ ಮಾಡಿಕೊಂಡು ಹೋಗು’ ಎಂದೆವು. ಅವಳು ಪ್ರಸಾದ ಮಾಡದೆ ಹೋದಳು. ಜಗಲಿಯ ಮೇಲಕ್ಕೆ ಬಾ ಎಂದೂ ನಾವು ಕರೆಯಲಿಲ್ಲ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಕಥೆಯನ್ನು ಅದೇ ಜಗಲಿಯ ಮೇಲೆ ಕುಳಿತು ಎಷ್ಟು ಸಲ ಹೇಳಿದ್ದೇವೋ!

ಪಟ್ಟಿಗೆ ಹೆಸರು ಸೇರಿಸಲು ಇನ್ನೂ ಅವಕಾಶವಿದೆ. ಬರುವ ಸೋಮವಾರ ಪೂಜೆ ಮುಗಿಸಿ ಆ ಕೇರಿಗೆ ಹೋಗುವವರಿದ್ದೇವೆ. ಪಲ್ಲಕ್ಕಿ ಬೇಡ, ವಾದ್ಯ ಬೇಡ. ಮೇಷ್ಟ್ರು ಆರನೆಯ ನಮೂನೆಯ ಅರ್ಜಿಗಳನ್ನು ತರುತ್ತಾರೆ. ಮೊನ್ನೆ ಬಂದಿದ್ದ ಹಿರಿಯರೂ ಜೊತೆಗೆ ಬರಲಿ. ಬರೆಯಬಲ್ಲ ನಾಲ್ಕು ಜನ ಹುಡುಗರನ್ನು ಕರೆತರಲಿ.