ಬಿಲ್ಲಿಲ್ಲದ ಫಾರಿನ್ ಎಣ್ಣೆ



ಬೆಳೆಗೆ ಬೆಲೆ ಇಲ್ಲ ಅಂತ ನಾವು ಬಹಳ ಸಲ ಕೂಗಿದ್ದೇವೆ. ಇವತ್ತು ಸಾಲ ಹುಟ್ಟುವ ಇನ್ನೊಂದು ಜಾಗದ ಬಗ್ಗೆ ಹೇಳ್ತೇನೆ: ಗೊಬ್ಬರದ ಅಂಗಡಿಯ ಒಳಕೋಣೆ.

2021ರಲ್ಲಿ ಮೆಣಸಿನಗಿಡದ ಹೂವಿಗೆ ಕಪ್ಪು ಥ್ರಿಪ್ಸ್ ನುಸಿ ಬಿದ್ದದ್ದು ನೆನಪಿದೆಯಷ್ಟೆ? ಹುಳ ಹೂವಿನೊಳಗೆ ಕೂತಿರ್ತದೆ, ಹೊಡೆದ ಎಣ್ಣೆ ಅದಕ್ಕೆ ಸರಿಯಾಗಿ ತಾಕೋದಿಲ್ಲ. ಅಂಥ ಹೊತ್ತಿನಲ್ಲಿ ಅಂಗಡಿಯವನು ಒಳಗಿನಿಂದ ಒಂದು ಬಾಟ್ಲಿ ತಂದು, "ಫಾರಿನ್ ಮಾಲು ಗೌಡ್ರೇ, ಒಂದೇ ಸಲಕ್ಕೆ ಸಾಫ್. ಬಿಲ್ಲು ಮಾತ್ರ ಕೇಳಬ್ಯಾಡ್ರಿ" ಅಂದರೆ, ಉದ್ರಿ ಗಿರಾಕಿಗಳಾದ ನಾವು ಏನು ಎದುರಾಡ್ತೇವೆ? ಬಾಟ್ಲಿಯ ಮೇಲೆ ನಮ್ಮ ಭಾಷೆಯ ಒಂದಕ್ಷರ ಇರೋದಿಲ್ಲ. ಬೆಳೆ ಸುಟ್ಟು ಹೋದರೂ ಅವನ ಪುಸ್ತಕದ ಬಾಕಿ ಹಾಗೇ ಉಳಿಯುತ್ತದೆ, ಬಡ್ಡಿ ಸಮೇತ.

1968ರ ಕೀಟನಾಶಕ ಕಾಯ್ದೆಯ ಪ್ರಕಾರ, ಕೇಂದ್ರದಲ್ಲಿ ನೋಂದಣಿಯಾಗದ ಕೀಟನಾಶಕವನ್ನು ಹೊರದೇಶದಿಂದ ತರುವಂತಿಲ್ಲ, ಮಾರುವಂತಿಲ್ಲ. ಮಾರುವವನಿಗೆ ಲೈಸೆನ್ಸ್ ಬೇಕು. 1971ರ ನಿಯಮಗಳ ಪ್ರಕಾರ ನಗದಾಗಲಿ ಉದ್ರಿಯಾಗಲಿ ಬಿಲ್ಲು ಕೊಡಲೇಬೇಕು. ನಾವೋ ಅದನ್ನು ದೊಡ್ಡ ಉಪಕಾರ ಅನ್ನೋ ಹಾಗೆ ಕೇಳ್ತೇವೆ!

ರೈತ ಗ್ರಾಹಕನೇ ಅಲ್ಲ ಎಂಬ ವಾದವೂ ನಡೆದಿತ್ತು. ಕಳಪೆ ಬೀಜದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಬೀಜ ನಿಗಮ ಹಾಗೆ ವಾದಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಪರೀಕ್ಷೆಗೆಂದು ರೈತ ಬೀಜ ಎತ್ತಿಟ್ಟಿರಬೇಕು ಅಂತ ನಿರೀಕ್ಷಿಸಲಾಗದು ಎಂದೂ ಹೇಳಿತು. ಒಕ್ಕಲುತನ ಬಲ್ಲವರ ಮಾತು ಅದು.

ಅಂಗಡಿಯವನು ಕೊನೆಗೆ ಹೇಳುವುದು ಒಂದೇ: "ನಾನು ತಯಾರು ಮಾಡಿದ್ದಲ್ಲ, ಕಂಪನಿಯವರನ್ನ ಕೇಳ್ರಿ." ಯಾವ ಕಂಪನಿ, ಯಾವ ದೇಶ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರಲ್ಲಿ ಜಾರಿಗೆ ಬಂದದ್ದು, ಈ ಬಾಗಿಲನ್ನೂ ಮುಚ್ಚಿದೆ. ತಯಾರಿಸಿದವನು ಯಾರೆಂದು ಗೊತ್ತಾಗದಿದ್ದರೆ, ಅಥವಾ ಅವನು ನಮ್ಮ ದೇಶದ ಕಾನೂನಿಗೆ ಸಿಗದಿದ್ದರೆ, ಆದ ಹಾನಿಗೆ ಮಾರಿದವನೇ ಹೊಣೆ.

ಆದ್ದರಿಂದ ಖಾಲಿ ಬಾಟ್ಲಿಯನ್ನು ಬದುವಿನ ಮೇಲೆ ಎಸೆಯಬೇಡಿ. ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಬೆಳೆ ಕೆಟ್ಟ ಕೂಡಲೇ ಕೃಷಿ ಇಲಾಖೆಯವರಿಗೆ ಬರಹದಲ್ಲಿ ತಿಳಿಸಿ, ಹೊಲ ತೋರಿಸಿ, ಅವರು ಕೊಟ್ಟ ವರದಿಯ ಪ್ರತಿ ಪಡೆಯಿರಿ. ದೂರನ್ನು ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಎರಡು ವರ್ಷದೊಳಗೆ ಕೊಡಬಹುದು. ಕೊಂಡ ಮಾಲಿಗೆ ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್ಲು ಕೊಡದೆ ಉದ್ರಿ ಚೀಟಿ ಬರೆದುಕೊಟ್ಟಿದ್ದರೆ ಅದನ್ನೂ ಹರಿಯದೆ ಇಟ್ಟುಕೊಳ್ಳಿ. ಮಾಲು ಮಾರಿದ್ದಕ್ಕೆ ಅವನ ಕೈಬರಹದ ಸಾಕ್ಷಿ ಅದರಲ್ಲಿದೆ.