ಮನೆಯಂಗಳದ ಗಿಡಮರಗಳ ಆಯ್ಕೆ



ಮನೆ ಕಟ್ಟುವವರು ಬಾಗಿಲಿಗೆ ಯಾವ ಮರವಾದೀತೆಂದು ಹತ್ತು ಮಂದಿಯನ್ನು ವಿಚಾರಿಸುತ್ತಾರೆ. ಅಂಗಳದಲ್ಲಿ ಬದುಕಿ ಬೆಳೆಯಬೇಕಾದ ಮರದ ವಿಷಯದಲ್ಲಿ ಮಾತ್ರ, ಸಸಿ ಮಾರುವವನು ಕೊಟ್ಟುದೇ ಸರಿಯೆಂದು ತಂದು ನೆಡುವುದುಂಟು. ಬಾಗಿಲು ಬೇಡವಾದರೆ ಬದಲಾಯಿಸಬಹುದು. ಇಪ್ಪತ್ತು ವರ್ಷ ಬೆಳೆದ ಮರವನ್ನು ಕಡಿಯದೆ ಬೇರೆ ದಾರಿಯಿಲ್ಲ. ಅದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಶಾಸನದಂತೆ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಆದುದರಿಂದ ವಿವೇಚನೆಯೆಲ್ಲವೂ ನೆಡುವುದಕ್ಕೆ ಮೊದಲೇ ನಡೆಯತಕ್ಕದ್ದು. ಬೆಂಗಳೂರಿನ ದಕ್ಷಿಣ ಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ ಅವರು, ಒಂದು ಬೀದಿಯ ಹೂವು ಮುಗಿಯುವಾಗ ಇನ್ನೊಂದು ಬೀದಿಯದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. 1948ರಲ್ಲಿ ಆರಂಭವಾದ ಜಯನಗರದ ಅಗಲವಾದ ರಸ್ತೆಗಳಲ್ಲಿಯೂ ದೊಡ್ಡ ಮರಗಳು ಬೆಳೆದು ನಿಂತಿವೆ. ಇವನ್ನು ಕಂಡವರಿಗೆ ಅಂಥದೇ ಒಂದು ಮರ ತಮ್ಮ ಮನೆಯಲ್ಲಿಯೂ ಇರಲೆಂಬ ಆಸೆ ಸಹಜ. ಆದರೆ ಬೀದಿಗೆ ಒಪ್ಪುವುದೆಲ್ಲ ಮನೆಗೆ ಒಪ್ಪುವುದಿಲ್ಲ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿಯುವುದು ಒಂದೆರಡು ಗಜ ಮಾತ್ರ. ಆಲ, ಅರಳಿ, ಅತ್ತಿಗಳು ಪೂಜ್ಯವಾದರೂ ಅವುಗಳ ಬೇರು ತಳಪಾಯವನ್ನೂ ಚರಂಡಿಯನ್ನೂ ಬಿಡುವುದಿಲ್ಲ. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್, ಸುಗಂಧದ ಆಕಾಶಮಲ್ಲಿಗೆ ಇವುಗಳ ಕೊಂಬೆ ಪೆಡಸು. ಏಪ್ರಿಲ್, ಮೇ ತಿಂಗಳ ಬಿರುಗಾಳಿಮಳೆಗೆ ಮುರಿದು ಬೀಳುವುದು ವರ್ಷವರ್ಷವೂ ಕಾಣುವ ಸಂಗತಿ. ಇವು ಉದ್ಯಾನಗಳಲ್ಲಿರಲಿ.

ಮೊದಲು ನೆಲವನ್ನು ನೋಡಬೇಕು. ಬನಶಂಕರಿಯ ಎತ್ತರದ ಭಾಗಗಳಲ್ಲಿ ಕೆಂಪು ಗರಸು. ನೀರು ಬೇಗ ಇಂಗಿಹೋಗುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹೆಸರುಗಳ ಮೊದಲಕ್ಷರಗಳಿಂದ ಬಿಟಿಎಂ ಬಡಾವಣೆಯಾಯಿತು. ಕೆರೆಯ ನೆರೆಯ ತಗ್ಗುಗಳಲ್ಲಿ ನೀರು ನಿಲ್ಲುವುದುಂಟು. ಒಣನೆಲದಲ್ಲಿ ನೆಲ್ಲಿ, ದಾಳಿಂಬೆಗಳು ತಾಳಿಕೊಳ್ಳುತ್ತವೆ. ನೀರು ನಿಲ್ಲುವೆಡೆ ನುಗ್ಗೆಯ ಬೇರು ಕೊಳೆಯುತ್ತದೆ, ಹೊಂಗೆ ಸಹಿಸುತ್ತದೆ.

ಎರಡನೆಯದು ಬಿಸಿಲು. ನಮ್ಮೂರು ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಹೊರತು ಮಧ್ಯಾಹ್ನದ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಮನೆಯನ್ನು ಕಾಯಿಸುವುದು ಪಡುವಣ ಗೋಡೆಯ ಸಂಜೆಬಿಸಿಲು. 40 ಅಡಿಗೆ 60 ಅಡಿಯ ನಿವೇಶನವಿದ್ದು ಆ ಕಡೆ ತಕ್ಕಷ್ಟು ತೆರವಿದ್ದರೆ ಒಂದೇ ಒಂದು ಹೊಂಗೆಯನ್ನೋ ಸಂಪಿಗೆಯನ್ನೋ ನೆಡಬಹುದು. ಸ್ಥಳ ಕಡಿಮೆಯಾದರೆ ಸೀಬೆ, ಕರಿಬೇವು, ಪಾರಿಜಾತಗಳಲ್ಲಿ ಒಂದನ್ನು ಆರಿಸುವುದು ಮೇಲು. ಕರಿಬೇವಿನ ಎಲೆಯನ್ನು ಚಿಟ್ಟೆಯ ಮರಿಹುಳುಗಳು ತಿನ್ನುವುದನ್ನು ಕಂಡು ಔಷಧಿ ಹೊಡೆಯಲು ಓಡಬೇಕಾಗಿಲ್ಲ. ಮರ ಮತ್ತೆ ಚಿಗುರುತ್ತದೆ, ಮಕ್ಕಳಿಗೆ ಚಿಟ್ಟೆಯೂ ದೊರೆಯುತ್ತದೆ. ನುಗ್ಗೆಯು ಬೇಗ ಫಲ ಕೊಡುವುದು ನಿಜ. ಆದರೆ ಮಳೆಗಾಲದಲ್ಲಿ ಕಂಬಳಿಹುಳು ಹತ್ತುವುದರಿಂದ ಕಿಟಕಿಯ ಬಳಿ ಅದು ಬೇಡ.

ಪೊದೆಗಳಲ್ಲಿ ದಾಸವಾಳಕ್ಕೆ ಪೂರ್ಣ ಬಿಸಿಲು ಬೇಕು. ನಂದಿಬಟ್ಟಲು ಅರೆನೆರಳಿನಲ್ಲಿಯೂ ಹೂ ಬಿಡುವುದರಿಂದ ಎತ್ತರದ ನೆರೆಮನೆಗಳ ನಡುವೆ ಸಿಕ್ಕಿಕೊಂಡ ಅಂಗಳಕ್ಕೆ ಅದೇ ಗತಿ. ಕಣಗಿಲೆ ಕಡಿಮೆ ನೀರಿನಲ್ಲಿ ವರ್ಷವಿಡೀ ಅರಳುತ್ತದೆ. ಆದರೆ ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಹಸುಳೆಗಳಿರುವ ಮನೆಗೆ ಅದನ್ನು ನಾವು ಹೇಳಲಾರೆವು. ಬೇಲಿಗೆ ಗೋರಂಟಿಯಿದ್ದರೆ ಸಾಕು, ಕತ್ತರಿಸಿದಷ್ಟೂ ದಟ್ಟವಾಗುತ್ತದೆ.

ಇನ್ನು ನೆಡುವ ಕ್ರಮ. ಮೂರಡಿ ಉದ್ದ, ಅಗಲ, ಆಳದ ಗುಣಿಯನ್ನು ಬೇಸಗೆಯಲ್ಲಿ ತೋಡಿ ಬಿಸಿಲಿಗೆ ಬಿಡಬೇಕು. ಹೊಸ ಮನೆಯ ಸುತ್ತ ಗಾರೆ, ಸಿಮೆಂಟುಗಳ ಚೂರು ಹೂತಿರುತ್ತದೆ. ಅದು ಮಣ್ಣಿಗೆ ಕ್ಷಾರವನ್ನು ಕೂಡಿಸುವುದರಿಂದ ಹೆಕ್ಕಿ ಹೊರಹಾಕತಕ್ಕದ್ದು. ಜೂನ್ ಮಳೆ ಹಿಡಿದೊಡನೆ ಕೊಳೆತ ಗೊಬ್ಬರ ಬೆರೆಸಿ ನೆಟ್ಟರೆ, ಸೆಪ್ಟೆಂಬರ್, ಅಕ್ಟೋಬರಿನ ಹೆಚ್ಚು ಮಳೆಯವರೆಗೆ ಬೇರು ನೆಲೆಗೊಳ್ಳುತ್ತದೆ. ಎರಡು ಬೇಸಗೆ ನೀರೆರೆಯಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಬುಡದ ಸುತ್ತ ಕಲ್ಲುಹಾಸನ್ನು ಒತ್ತದೆ ನಾಲ್ಕಡಿ ಮಣ್ಣನ್ನು ಬಯಲಾಗಿ ಬಿಡುವುದು. ಅಂಗಳವನ್ನೆಲ್ಲ ಗಚ್ಚುಮಾಡಿ ಮೂಲೆಯಲ್ಲಿ ಸಸಿಯಿಟ್ಟರೆ ಅದು ಉಸಿರಿಲ್ಲದೆ ಸೊರಗುತ್ತದೆ. ಬಿದ್ದ ಮಳೆಯೂ ನೆಲಕ್ಕಿಳಿಯದೆ ಬೀದಿಗೆ ಹರಿಯುತ್ತದೆ, ಕೊಳವೆಬಾವಿ ಬತ್ತಿತೆಂದು ಕೊರಗುವುದು ನಮ್ಮ ಪಾಲಿಗೆ ಬರುತ್ತದೆ.

ಹತ್ತು ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಒಂಬತ್ತನ್ನು ಕಡಿಯುವುದಕ್ಕಿಂತ, ಸ್ಥಳವರಿತು ಒಂದನ್ನು ನೆಟ್ಟು ಮೊಮ್ಮಕ್ಕಳಿಗೆ ಉಳಿಸುವುದು ಲೇಸು. ಈ ಮುಂಗಾರಿಗೆ ಮೊದಲು ಶ್ರೋತೃಗಳು ಅಳತೆಯ ದಾರವೊಂದನ್ನು ಹಿಡಿದು ತಮ್ಮ ಅಂಗಳವನ್ನು ಒಮ್ಮೆ ಅಳೆದು ನೋಡಲೆಂದು ಬೇಡಿ, ನಮ್ಮ ಮಾತನ್ನು ಮುಗಿಸುತ್ತೇವೆ.